ಬೀಗದಕ್ಕನ ಒಂದೇ ಪ್ರಶ್ನೆ

ಚುನಾವಣೆ ಮುಗಿದ ಐದನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ, ಬೀಗದಕ್ಕ ನಲವತ್ತಮೂರನೆಯ ಮನೆಯ ಬಾಗಿಲು ತಟ್ಟಿದಳು. ಅದೇ ಕೊನೆಯದು. ಮತದಾನಕ್ಕೆ ಮುಂಚೆ ಠಾಣೆಯಲ್ಲಿ ಇರಿಸಿಕೊಂಡಿದ್ದ ಪರವಾನಗಿ ಬಂದೂಕುಗಳನ್ನೆಲ್ಲ ಅಂದು ಹತ್ತು ಗಂಟೆಯಿಂದ ಮಾಲೀಕರಿಗೆ ಹಿಂದಿರುಗಿಸಬೇಕಿತ್ತು. ನಲವತ್ತೆರಡು ಮನೆಗಳನ್ನು ಅವಳು ನಾಲ್ಕು ದಿನಗಳಲ್ಲಿ ಸುತ್ತಿ ಮುಗಿಸಿದ್ದಳು. ಈ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು, ಏಕೆಂದರೆ ಈ ಮನೆಯ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ.

ಅದು ಬ್ಯಾಂಕಿನ ಕಾವಲುಗಾರನ ಮನೆ. ಹನ್ನೆರಡು ವರ್ಷಗಳಿಂದ ಅವನು ತನ್ನದೇ ಜೋಡಿನಳಿಗೆ ಬಂದೂಕನ್ನು ಹೆಗಲಿಗೇರಿಸಿ ಬ್ಯಾಂಕಿನ ಬಾಗಿಲಲ್ಲಿ ನಿಂತವನು. ಠಾಣೆಗೆ ಬಂದರೆ ಕೇಳುವ ಮೊದಲೇ ನಳಿಗೆ ಬಿಚ್ಚಿ, ಖಾಲಿ ಎಂದು ತೋರಿಸುವವನು. ಮೂರು ತಿಂಗಳ ಹಿಂದೆ ಹೆಲ್ಮೆಟ್ ಹಾಕಿಕೊಂಡು ಬ್ಯಾಂಕಿನೊಳಗೆ ಓಡಿ ಬಂದ ಒಬ್ಬನನ್ನು ಅವನು ಬಂದೂಕು ಎತ್ತಿ ನಿಲ್ಲಿಸಿದ್ದ. ಬಂದವನು ಕಳ್ಳನಲ್ಲ, ಬಾಗಿಲು ಹಾಕುವುದರೊಳಗೆ ತಲುಪಬೇಕೆಂದು ಓಡಿ ಬಂದ ಗ್ರಾಹಕ. ಯಾರಿಗೂ ಏನೂ ಆಗಲಿಲ್ಲ. 'ಸದಾ ಎಚ್ಚರ' ಎಂದು ಬ್ಯಾಂಕಿನವರು ಕಾವಲುಗಾರನಿಗೆ ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ಕೊಟ್ಟರು.

ಬೀಗದಕ್ಕನ ಈ ತಿರುಗಾಟ ಯಾವ ಕಾನೂನಿನಲ್ಲೂ ಇಲ್ಲ. ಕಾನೂನು ಕೇಳುವುದು ಪರವಾನಗಿ, ರಸೀದಿ ಮತ್ತು ಸಹಿ, ಅಷ್ಟೇ. ಇಪ್ಪತ್ತೆರಡನೆಯ ವಯಸ್ಸಿಗೆ ಪೊಲೀಸು ಸೇರಿದಾಗ ಅವಳೂ ಅಷ್ಟನ್ನೇ ಕೇಳುತ್ತಿದ್ದಳು. ಹೆಂಗಸು ಗಸ್ತಿಗೆ ಬೇಡ, ಕಳ್ಳರ ಬೆನ್ನಟ್ಟಲು ಬೇಡ ಎಂದು ಆಗಿನ ಅಧಿಕಾರಿಗಳು ಅವಳನ್ನು ಆಯುಧಗಳ ಕೋಣೆಗೆ ಹಾಕಿದರು. ಹೊರಗೋಡೆಗೆ ಕಿಟಕಿಯಿಲ್ಲದ, ಎಣ್ಣೆ ಮತ್ತು ತುಕ್ಕಿನ ವಾಸನೆಯ ಕೋಣೆ. ಪಡಸಾಲೆಯ ಕಡೆಗೆ ಮಾತ್ರ ಕಬ್ಬಿಣದ ಸರಳುಗಳ ಒಂದು ಕಿಂಡಿ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದವಳಿಗೆ ಹೆಸರು ತಾನಾಗಿಯೇ ಬಂತು. ಅವಳ ಗಂಡ ದರ್ಜಿ. ಅಂಗಿಯ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಬಂದೂಕುಗಳಿಗೆಲ್ಲ ಅವನೇ ಚೀಲ ಹೊಲಿದು ಕೊಟ್ಟಿದ್ದ. ಹಾಗಾಗಿ ಆ ಕತ್ತಲೆ ಕೋಣೆಯ ಗೋಡೆಯುದ್ದಕ್ಕೂ ಗೀಟಿನ, ಚೌಕುಳಿಯ, ಸಣ್ಣ ಹೂವಿನ ಅಂಗಿ ತೊಟ್ಟು ಬಂದೂಕುಗಳು ಸಾಲಾಗಿ ನಿಂತಿರುತ್ತಿದ್ದವು.

ಕೆಲಸಕ್ಕೆ ಸೇರಿದ ಒಂಬತ್ತನೆಯ ವರ್ಷ, ಮರದ ಮಿಲ್ಲಿನ ಯಜಮಾನನೊಬ್ಬ ತನ್ನ ಬಂದೂಕು ವಾಪಸು ಕೇಳಿ ಬಂದ. ಗಂಡ ಹೆಂಡಿರ ಜಗಳವಾಗಿ ನೆರೆಯವರು ದೂರು ಕೊಟ್ಟಿದ್ದರಿಂದ ಠಾಣೆಯಲ್ಲಿ ಇರಿಸಿಕೊಂಡಿದ್ದ ಬಂದೂಕು ಅದು. ದೂರು ಮುಗಿದಿತ್ತು, ಕಾಗದ ಸರಿಯಾಗಿತ್ತು. ಹೆಂಡತಿಯನ್ನೂ ಜೊತೆಗೆ ಕರೆತಂದಿದ್ದ. ಬೀಗದಕ್ಕ ಕಿಂಡಿಯೊಳಗಿಂದ ಕೇಳಿದಳು: "ನಿಮ್ಮದೇನಾದ್ರೂ ತಕರಾರಿದೆಯಾಮ್ಮ?" ಆ ಹೆಂಗಸು ಗಂಡನ ಮುಖ ನೋಡಿ, "ಏನಿಲ್ಲ" ಎಂದಳು. ಹನ್ನೊಂದನೆಯ ದಿನ ಅದೇ ಬಂದೂಕು ಕೊಲೆಯ ಸಾಕ್ಷಿಯಾಗಿ ಕಿಂಡಿಯ ಮುಂದೆ ಬಂತು. ಅದರ ಮೈಮೇಲೆ ಬೀಗದಕ್ಕನ ಗಂಡ ಹೊಲಿದ ನೀಲಿ ಗೀಟಿನ ಚೀಲ ಹಾಗೇ ಇತ್ತು. ನಿನ್ನದೇನೂ ತಪ್ಪಿಲ್ಲ, ಕಾಗದವೆಲ್ಲ ಸರಿಯಿತ್ತು ಎಂದು ಎಲ್ಲರೂ ಹೇಳಿದರು. ಒಬ್ಬರಾದರೂ ಬೈದಿದ್ದರೆ ಹಗುರಾಗುತ್ತಿತ್ತು ಎಂದು ಅವಳು ಗಂಡನ ಹತ್ತಿರ ಎಷ್ಟೋ ವರ್ಷ ಹೇಳಿಕೊಂಡಳು. ಎದುರಿಗೆ ಗಂಡನನ್ನು ನಿಲ್ಲಿಸಿಕೊಂಡು ಹೆಂಡತಿಯನ್ನು ಪ್ರಶ್ನೆ ಕೇಳಿದ್ದೆನಲ್ಲ, ಅದಕ್ಕಿಂತ ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಿದ್ದಳು.

ಅಂದಿನಿಂದ ಅವಳು ಮನೆಗಳಿಗೆ ಹೋಗತೊಡಗಿದಳು. ಬಂದೂಕಿನ ಯಜಮಾನ ಮನೆಯಲ್ಲಿಲ್ಲದ ಹೊತ್ತು ನೋಡಿ, ಸಾದಾ ಸೀರೆ ಉಟ್ಟು ಹೋಗಿ, ಒಂದು ಲೋಟ ನೀರು ಕೇಳಿ, ಅಡುಗೆಮನೆಯಲ್ಲಿ ಕೂರುವಳು. ಹೆದರಿಕೆ ಇದೆಯೇ ಎಂದು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ಮಾತಿನ ನಡುವೆ, ಏನೋ ನೆನಪಾದವಳಂತೆ, ಒಂದೇ ಪ್ರಶ್ನೆ ಕೇಳುವಳು: "ಮನೇಲಿ ಬಂದೂಕು ಎಲ್ಲಿಡ್ತಾರೆ?"

ಹೆದರದವರಿಗೆ ಅದು ಸರಿಯಾಗಿ ಗೊತ್ತಿರುವುದಿಲ್ಲ. "ಅಟ್ಟದ ಮೇಲೆಲ್ಲೋ ಇರಬೇಕಪ್ಪ, ಯಾರು ನೋಡ್ತಾರೆ?" ಎನ್ನುತ್ತಾರೆ. ಹೆದರಿದವರಿಗೆ ಅಂಗುಲ ಅಂಗುಲ ಗೊತ್ತಿರುತ್ತದೆ. ಯಾವ ಮೂಲೆ, ಬಾಯಿ ಯಾವ ಕಡೆಗೆ, ತುಂಬುವ ತೋಟಾಗಳು ಎಲ್ಲಿ, ಎಷ್ಟು, ನಿನ್ನೆ ಎಷ್ಟಿದ್ದವು. ಮಲಗುವ ಮುನ್ನ ಕಣ್ಣಿನಲ್ಲೇ ಅಳೆದಿಟ್ಟವರ ಉತ್ತರ ಅದು. ಅಂಥ ಉತ್ತರ ಬಂದ ಮನೆಗೆ ಬೀಗದಕ್ಕ ಮತ್ತೆ ಮತ್ತೆ ಹೋಗುವಳು. ಅಣ್ಣನನ್ನೋ ಅತ್ತೆಯನ್ನೋ ಹಿಡಿದು, ಪರವಾನಗಿ ನವೀಕರಣದ ನೆಪ ಹೇಳಿ, ಹೇಗೋ ಆ ಬಂದೂಕು ಮನೆಗೆ ಹೋಗದಂತೆ ನೋಡಿಕೊಳ್ಳುವಳು. ಎಷ್ಟು ಸಾವು ತಪ್ಪಿತೆಂದು ಯಾರಾದರೂ ಕೇಳಿದರೆ ಅವಳ ಬಳಿ ಉತ್ತರವಿಲ್ಲ. ನಡೆಯದೇ ಹೋದದ್ದನ್ನು ಯಾರೂ ಬರೆದಿಡುವುದಿಲ್ಲ.

ಕಾವಲುಗಾರನ ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೊರಟು ನಿಂತಿದ್ದಳು. ಬುತ್ತಿಯ ಮುಚ್ಚಳ ಒತ್ತುತ್ತಲೇ ನಕ್ಕಳು. "ಬನ್ನಿ ಅಕ್ಕಾ. ಇನ್ನೂ ನಮ್ಮನೆಗೆ ಬಂದಿಲ್ವಲ್ಲ ಅಂತಿದ್ದೆ. ಇವರು ಆಗಲೇ ಹೋದ್ರು, ಸಾಲಲ್ಲಿ ಮುಂದೆ ನಿಲ್ಲಬೇಕು ಅಂತ. ಬಂದೂಕಿಲ್ದೆ ಆರು ವಾರ ಬರೀ ಕೋಲು ಹಿಡ್ಕೊಂಡು ನಿಂತು ಸಾಕಾಗಿದೆಯಂತೆ."

"ಮನೇಲಿ ಎಲ್ಲಿಡ್ತಾರಮ್ಮ ಅದನ್ನ?"

"ಬೀರು ಮೇಲೆಲ್ಲೋ ಇಡ್ತಿದ್ರು. ನಂಗೆ ಅದರ ಗೊಡವೆನೇ ಇಲ್ಲ. ಅತ್ತೇ, ಇವರಿಗೆ ಕಾಫಿ ಕೊಡಿ, ನಾನು ಹೊರಟೆ."

ಬೀಗದಕ್ಕ ಕಾಫಿ ಬೇಡವೆಂದು ಎದ್ದಳು. ನಲವತ್ತಮೂರೂ ಮುಗಿದವು ಎಂಬ ನೆಮ್ಮದಿ. ಬಾಗಿಲ ಬಳಿ ಮಣೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ಮುದುಕಿ, ಕಾವಲುಗಾರನ ತಾಯಿ, ಸೊಸೆಯ ಚಪ್ಪಲಿಯ ಸದ್ದು ದೂರವಾಗುವವರೆಗೆ ಕಾದು, ತಲೆಯೆತ್ತದೆ ಹೇಳಿದಳು: "ಬೀರು ಮೇಲಲ್ಲ."

ಬೀಗದಕ್ಕ ನಿಂತಳು.

"ಬೀರು ಹಿಂದೆ. ಗೋಡೆಗೂ ಬೀರುಗೂ ಮಧ್ಯೆ ಒಂದು ಗೇಣು ಜಾಗ ಇದೆ. ಬಾಯಿ ಮೇಲಕ್ಕೆ. ಹಳೇ ಟವೆಲ್ ಸುತ್ತಿ ಎರಡು ಗಂಟು ಹಾಕಿರ್ತಿದ್ದ. ಮೇಲಿನ ಗಂಟು ಯಾವಾಗ್ಲೂ ಸಡಿಲ." ಮುದುಕಿ ಒಂದು ಎಸಳು ಸುಲಿದು ತಟ್ಟೆಗೆ ಹಾಕಿದಳು. "ತೋಟಾ ಎಂಟು ನಿಮ್ಮ ಠಾಣೆಗೆ ಕೊಟ್ಟ. ಇನ್ನೆರಡು ಕೊಡಲಿಲ್ಲ. ಹಳೇ ಬೂಟಿನ ತುದೀಲಿ ಕಾಗದ ತುರುಕಿ ಇಟ್ಟಿದಾನೆ."

ಬೀಗದಕ್ಕನಿಗೆ ನೆನಪಾಯಿತು. ಹತ್ತರಲ್ಲಿ ಎರಡು ಅಭ್ಯಾಸದಲ್ಲಿ ಖರ್ಚಾಗಿವೆ ಎಂದು ಕಾವಲುಗಾರ ಬರೆದುಕೊಟ್ಟಿದ್ದ. ಬೇರೆಯವರಾಗಿದ್ದರೆ ಸಿಡಿದ ತೋಟಾದ ಖಾಲಿ ಕೊಳವೆ ತೋರಿಸಿ ಎನ್ನುತ್ತಿದ್ದಳು. ಅವನನ್ನು ಕೇಳಿರಲಿಲ್ಲ.

"ಎಲ್ಲರೂ ಮಲಗಿದ ಮೇಲೆ ಅವನ್ನ ತೆಗೆದು ಅಂಗೈಲಿ ಇಟ್ಕೊಂಡು ಕೂರ್ತಾನೆ. ಮುದುಕರಿಗೆ ನಿದ್ದೆ ಎಲ್ಲಿ ಬರುತ್ತೆ, ನೋಡ್ತಿರ್ತೀನಿ. ಒಂದರ ತಳದಲ್ಲಿ ಸಣ್ಣ ಗುಳಿ ಬಿದ್ದಿದೆ, ಮೊಳೆ ತುದಿ ಒತ್ತಿದ ಹಾಗೆ. ಅದನ್ನೇ ಬೆರಳಲ್ಲಿ ಸವರ್ತಿರ್ತಾನೆ."

"ಈಗ ಎಲ್ಲಿವೆ ಅವು?"

"ಅವನು ಹೋದ ಮೇಲೆ ಬೂಟಿಗೆ ಕೈ ಹಾಕಿ ನೋಡ್ದೆ." ಮುದುಕಿ ಈಗ ತಲೆಯೆತ್ತಿದಳು. "ಕಾಗದ ಇದೆ. ಅವಿಲ್ಲ."

ಆಟೋದಲ್ಲಿ ಠಾಣೆಗೆ ಹದಿನೈದು ನಿಮಿಷದ ದಾರಿ. ಬೀಗದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತ ಕುಳಿತಳು. ತೋಟಾದ ತಳದಲ್ಲಿ ಗುಳಿ ಬೀಳುವುದು ಒಂದೇ ರೀತಿಯಲ್ಲಿ. ಬಂದೂಕಿನ ಟ್ರಿಗರ್ ಎಳೆದಾಗ ಒಳಗಿನ ಮೊಳೆ ಬಂದು ಬಡಿಯುತ್ತದೆ. ಬಡಿದರೂ ಒಮ್ಮೊಮ್ಮೆ ಹಳೆಯ ತೋಟಾ ಸಿಡಿಯದೆ ಉಳಿಯುತ್ತದೆ, ಗುರುತು ಮಾತ್ರ ಹಾಗೇ ನಿಲ್ಲುತ್ತದೆ. ಅಂದು ಬ್ಯಾಂಕಿನಲ್ಲಿ ಕಾವಲುಗಾರ ಬಂದೂಕು ಬರೀ ಎತ್ತಿರಲಿಲ್ಲ.

ಇನ್‌ಸ್ಪೆಕ್ಟರಿಗೆ ಹೇಳಬಹುದಿತ್ತು. ಲೆಕ್ಕಕ್ಕೆ ಬಾರದ ಎರಡು ತೋಟಾ ಜೇಬಿನಲ್ಲಿವೆ ಎಂದರೆ ಸಾಕು, ಬಂದೂಕು ತಡೆಹಿಡಿಯಲು ಕಾನೂನೇ ದಾರಿ ಕೊಡುತ್ತದೆ. ನಲವತ್ತು ಜನರೆದುರು ಜೇಬು ತಡಕುತ್ತಾರೆ, ಕೇಸು ಹಾಕುತ್ತಾರೆ, ಕೆಲಸ ಹೋಗುತ್ತದೆ. ಹೇಳಿದ್ದು ಹೆತ್ತ ತಾಯಿ ಎಂದು ಸಂಜೆಯೊಳಗೆ ಗೊತ್ತಾಗುತ್ತದೆ. ಬಿಡುಗಡೆಯಾಗಿ ಅವನು ಹಿಂದಿರುಗುವುದು ಅದೇ ಮನೆಗೆ. ಸಾಯಬೇಕೆಂದಿರುವವನಿಗೆ ಬಂದೂಕೇ ಬೇಕೆಂದಿಲ್ಲ. ಕಿಂಡಿ ತೆರೆಯಲು ಇನ್ನೂ ಅರ್ಧ ಗಂಟೆ ಇದೆ, ಅಷ್ಟರಲ್ಲಿ ಅವನನ್ನು ಪಕ್ಕಕ್ಕೆ ಕರೆದು ಮಾತಾಡುತ್ತೇನೆ ಎಂದುಕೊಂಡಳು.

ಠಾಣೆಯ ಮೆಟ್ಟಿಲು ಹತ್ತುವಾಗಲೇ ಕಿಂಡಿಯ ಕದ ತೆರೆದಿರುವುದು ಕಂಡಿತು.

ಎಂಟು ತಿಂಗಳ ಹಿಂದೆ ಬಂದ ಹೊಸ ಇನ್‌ಸ್ಪೆಕ್ಟರ್ ಕೆಟ್ಟವನಲ್ಲ, ಅವಸರದವನು. ಪಡಸಾಲೆ ತುಂಬಿ ಜನ ಬೀದಿಗಿಳಿದದ್ದು ನೋಡಿ, ತನ್ನ ಬಳಿಯಿದ್ದ ಜೋಡಿ ಕೀಲಿಯಿಂದ ಕೋಣೆ ತೆಗೆದು, ತಾನೇ ಕಿಂಡಿಯಲ್ಲಿ ಕುಳಿತಿದ್ದ. "ಬನ್ನಿ ಮೇಡಂ, ನಿಮ್ಮ ಕೆಲಸ ಎರಡು ನಿಮಿಷಕ್ಕೊಂದರ ಹಾಗೆ ಮುಗಿಸ್ತಿದೀನಿ" ಎಂದ ಒಳಗಿನಿಂದ.

ಸಾಲಿನಲ್ಲಿದ್ದ ಒಬ್ಬ ಕೂಗಿದ: "ಬೀಗದಕ್ಕಾ, ನಮ್ಮತ್ತೆ ಏನಂದ್ರು?"

"ಬಂದೂಕು ಕೊಡಿ, ಅಳಿಯನ್ನ ಠಾಣೇಲೇ ಇಟ್ಕೊಳ್ಳಿ ಅಂದ್ರು" ಎಂದಳು ಅವಳು. ಜನ ನಕ್ಕರು. ಅವಳ ಕಣ್ಣು ಹುಡುಕುತ್ತಿತ್ತು.

ಕಾವಲುಗಾರ ಆಗಲೇ ಸಹಿ ಮಾಡಿ ಪೆನ್ನು ಹಿಂದಿರುಗಿಸುತ್ತಿದ್ದ. ಇಸ್ತ್ರಿ ಮಾಡಿದ ಸಮವಸ್ತ್ರ. ನೀಟಾಗಿ ಕ್ಷೌರ ಮಾಡಿದ ಕೆನ್ನೆ. ಎಡತೋಳಿನಲ್ಲಿ, ಮಗುವನ್ನು ಎತ್ತಿಕೊಂಡಂತೆ, ಹಳದಿ ಚೌಕುಳಿಯ ಚೀಲದಲ್ಲಿ ಬಂದೂಕು. ಪೆನ್ನು ಕೊಟ್ಟ ಬಲಗೈ ಪ್ಯಾಂಟಿನ ಜೇಬಿಗೆ ಹೋಯಿತು. ಅವನು ಬೀಗದಕ್ಕನನ್ನು ನೋಡಿದ. ಪ್ರತಿಸಲ ನಗುವವನು ಈ ಸಲ ನಗಲಿಲ್ಲ. ಗೋಡೆಯ ಪಕ್ಕ ಸರಿದು ಬಾಗಿಲ ಕಡೆಗೆ ನಡೆದ.

ಬೀಗದಕ್ಕ ಎದುರಿಗೆ ಹೋಗಿ ಚೀಲದ ತುದಿಯನ್ನು ಹಿಡಿದಳು. ಬಟ್ಟೆಯೊಳಗೆ ನಳಿಗೆ ತಣ್ಣಗಿತ್ತು.

"ಚೀಲ ಬಿಟ್ಟು ಹೋಗಿ" ಎಂದಳು. "ನಮ್ಮನೆಯವರು ಹೊಲಿದಿದ್ದು. ಒಂದು ಕಳೆದ್ರೂ ನನ್ನ ರವಿಕೆ ಹೊಲಿಯಲ್ಲ ಅಂತಾರೆ."

"ನಾಳೆ ತಂದುಕೊಡ್ತೀನಿ ಅಕ್ಕಾ."

"ನಾಳೆ ಅನ್ನೋದು ಬೇಡ."

ಅವಳು ಮೆಲ್ಲಗೆ ಹೇಳಿದರೂ ಅವನ ಮುಖದಲ್ಲಿ ಏನೋ ಅಲುಗಿತು. ಅವನು ಹಿಡಿದದ್ದನ್ನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಸಾಲಿನವರು ನೋಡತೊಡಗಿದರು. ಜನರ ನಡುವೆ ಚೀಲದಿಂದ ಬಂದೂಕು ತೆಗೆಯಬಾರದೆಂಬುದು ಅವಳೇ ಮಾಡಿದ ನಿಯಮ, ಹಾಗೆ ತೆಗೆಯುವವರು ಹಿತ್ತಲಿಗೆ ಹೋಗಬೇಕು. "ಬನ್ನಿ, ಹಿಂದೆ ಹೋಗಿ ತೆಗೆದುಕೊಡಿ. ಒಂದು ನಿಮಿಷದ ಕೆಲಸ" ಎಂದು ಅವಳು ನಳಿಗೆಯ ತುದಿ ಹಿಡಿದೇ ಹೆಜ್ಜೆ ಹಾಕಿದಳು. ಹನ್ನೆರಡು ವರ್ಷ ನಿಯಮ ಮೀರದ ಮನುಷ್ಯ. ಹಿಂದೆ ಬಂದ.

ಹಿತ್ತಲಲ್ಲಿ ಜಪ್ತಿ ಮಾಡಿದ ಬೈಕುಗಳು ಒಂದರ ಮೇಲೊಂದು ಒರಗಿ ತುಕ್ಕು ಹಿಡಿಯುತ್ತಿದ್ದವು. ಗೋಡೆಯ ಪಕ್ಕದ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕುಳಿತರು. ಬಂದೂಕು ಇಬ್ಬರ ತೊಡೆಗಳ ಮೇಲೆ ಅಡ್ಡಲಾಗಿತ್ತು. ಅವಳು ಚೀಲ ಎಳೆದು, ಅಭ್ಯಾಸದಂತೆ ನಳಿಗೆ ಬಿಚ್ಚಿದಳು. ಬಂದೂಕು ನಡುಮುರಿದು ತೆರೆದುಕೊಂಡಿತು. ಎರಡು ತೂತುಗಳೂ ಖಾಲಿ. ಆ ಎರಡು ತೂತುಗಳ ಮೇಲೆ ಅವಳು ತನ್ನ ಅಂಗೈ ಮುಚ್ಚಿಟ್ಟಳು.

"ಕೈ ತೆಗೀರಿ ಅಕ್ಕಾ. ಎರಡು ಗಂಟೆಗೆ ನನ್ನ ಡ್ಯೂಟಿ."

"ಡ್ಯೂಟಿಗೆ ಹೋಗ್ತಿದೀರಾ?"

ಅವನ ಬಲಗೈ ಇನ್ನೂ ಜೇಬಿನಲ್ಲೇ ಇತ್ತು. ಬಟ್ಟೆಯೊಳಗೆ ಬೆರಳುಗಳು ಆಡುವುದು ಅವಳಿಗೆ ಕಾಣುತ್ತಿತ್ತು.

"ಅವತ್ತು ಟ್ರಿಗರ್ ಎಳೆದ್ರಿ" ಎಂದಳು. "ಸಿಡೀಲಿಲ್ಲ."

ಆ ಕಡೆ ಪಡಸಾಲೆಯಲ್ಲಿ ಇನ್‌ಸ್ಪೆಕ್ಟರ್ ನಂಬರು ಕೂಗುತ್ತಿದ್ದುದು ಕೇಳಿಸುತ್ತಿತ್ತು. ಐದು. ಸ್ವಲ್ಪ ಹೊತ್ತಿಗೆ ಆರು. ಕಾವಲುಗಾರ ಎದುರಿನ ಒಂದು ಬೈಕಿನ ಮುರಿದ ಕನ್ನಡಿಯನ್ನೇ ನೋಡುತ್ತಿದ್ದ.

"ಯಾರು ಹೇಳಿದ್ರು?" ಎಂದ ಕೊನೆಗೆ.

"ನಾನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋದು. ಯಾರಾದ್ರೂ ಹೇಳಬೇಕಾ?"

"ಅವನು ಹೆಲ್ಮೆಟ್ ತೆಗೆಯೋದು ಮರೆತಿದ್ದ, ಅಷ್ಟೇ. ಕೈಯಲ್ಲಿ ಪಾಸ್‌ಬುಕ್ ಇತ್ತು. ನಂಗೆ ಅದು ಪಾಸ್‌ಬುಕ್ಕಿನ ಹಾಗೆ ಕಾಣಲಿಲ್ಲ." ಅವನ ಮಾತು ಒಣಗಿ ಹೊರಬರುತ್ತಿತ್ತು. "ಟಕ್ ಅಂತು. ನನಗೊಬ್ಬನಿಗೇ ಕೇಳಿಸ್ತು. ಎಲ್ಲರೂ ಭಲೇ ಅಂದ್ರು. ಪತ್ರ ಕೊಟ್ರು, ಅಮ್ಮ ಗೋಡೆಗೆ ಹಾಕಿಸಿದ್ರು. ಅವನು ಈಗ್ಲೂ ಬ್ಯಾಂಕಿಗೆ ಬರ್ತಾನೆ ಅಕ್ಕಾ. ಬಂದಾಗೆಲ್ಲ ನನಗೆ ನಮಸ್ಕಾರ ಮಾಡ್ತಾನೆ. ನಂದೇ ತಪ್ಪು, ಹೆಲ್ಮೆಟ್ ಹಾಕ್ಕೊಂಡು ಬರಬಾರದಿತ್ತು ಅಂತಾನೆ. ಒಂದ್ಸಲ ಮಗಳನ್ನ ಕರ್ಕೊಂಡು ಬಂದಿದ್ದ. ಮಾವನಿಗೆ ನಮಸ್ಕಾರ ಮಾಡು ಅಂದ."

ಬೀಗದಕ್ಕನ ಅಂಗೈ ತೂತುಗಳ ಮೇಲೇ ಇತ್ತು.

"ಎರಡನೇದು ಸಿಡಿಯುತ್ತೋ ಇಲ್ವೋ, ಇವತ್ತು ನೋಡಿಬಿಡೋಣ ಅಂತಿದ್ದೆ."

"ಯಾರ ಮೇಲೆ?"

ಅವನು ಜೇಬಿನಿಂದ ಕೈ ತೆಗೆದ. ಮುಷ್ಟಿ ಬಿಗಿದಿತ್ತು. ಆ ಮುಷ್ಟಿಗೂ ತೆರೆದ ನಳಿಗೆಗೂ ನಡುವೆ ಒಂದು ಮೊಳವೂ ಇರಲಿಲ್ಲ. ಅವನದು ಗಂಡಸಿನ ಕೈ, ಅವಳಿಗೆ ಐವತ್ತಮೂರು ವರ್ಷ. ಎಳೆದುಕೊಂಡರೆ ತಡೆಯಲಾರಳು. ಕೂಗಿದರೆ ನಾಲ್ಕು ಜನ ಓಡಿ ಬರುತ್ತಾರೆ. ಅವರು ಬರುವುದರೊಳಗೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೂಗಲಿಲ್ಲ. ತೂತುಗಳ ಮೇಲಿನ ಅಂಗೈಯನ್ನು ಇನ್ನಷ್ಟು ಒತ್ತಿದಳು, ಲೋಹದ ಅಂಚು ಚರ್ಮಕ್ಕೆ ಕಚ್ಚುವಷ್ಟು.

"ನಾನೊಂದು ಬಂದೂಕು ವಾಪಸು ಕೊಟ್ಟಿದ್ದೆ" ಎಂದಳು. "ಕಾಗದ ಎಲ್ಲ ಸರಿಯಿತ್ತು. ಆ ಹೆಂಗಸು ಸತ್ತಳು. ನಿಮಗೆ ಪತ್ರ ಕೊಟ್ರು, ನಂದೇನೂ ತಪ್ಪಿಲ್ಲ ಅಂತ ನನಗೆ ಹೇಳಿದ್ರು. ಎರಡೂ ಒಂದೇ ಥರ ಚುಚ್ಚುತ್ತೆ. ಆದ್ರೆ ಒಂದು ವ್ಯತ್ಯಾಸ ಇದೆ ಕಣಪ್ಪ. ನಿನ್ನವನು ಬದುಕಿದಾನೆ. ನೀನು ಹೋಗಿ ಅವನ ಎದುರಿಗೆ ನಿಂತು, ಎಳೆದೆ ಅಂತ ಹೇಳಬಹುದು. ನಾನು ಯಾರ ಹತ್ತಿರ ಹೋಗಿ ಹೇಳಲಿ?"

ಇಷ್ಟು ವರ್ಷಗಳಲ್ಲಿ ಅವನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಏಳು ಎಂದು ಕೂಗಿದ್ದು ಕೇಳಿತು. ಎಂಟು. ಮುಷ್ಟಿ ಹಾಗೇ ಇತ್ತು. ಆಮೇಲೆ ಅದು, ಸೆಟೆದ ಕೈಯನ್ನು ಬೇರೆ ಯಾರೋ ಬಿಡಿಸುತ್ತಿರುವಂತೆ, ಒಂದೊಂದೇ ಬೆರಳಾಗಿ ತೆರೆಯಿತು. ಎರಡು ಕೆಂಪು ತೋಟಾಗಳು ಬೆವರಿನಲ್ಲಿ ಒದ್ದೆಯಾಗಿದ್ದವು. ಒಂದರ ಹಿತ್ತಾಳೆಯ ತಳದಲ್ಲಿ ಗುಳಿ. ಅವನು ಅವನ್ನು ಅವಳಿಗೆ ಕೊಡಲಿಲ್ಲ, ಬೆಂಚಿನ ಮೇಲೆ ಇಟ್ಟ. ಅವಳು ತೆಗೆದು ಸೆರಗಿನಲ್ಲಿ ಗಂಟು ಹಾಕಿದಳು.

"ಅಲ್ಲಿ ಜನ ಕಾಯ್ತಿದಾರೆ, ಇಲ್ಲಿ ಹರಟೆ ಹೊಡೀತಿದೀರಾ ಮೇಡಂ?" ಇನ್‌ಸ್ಪೆಕ್ಟರ್ ಹಿತ್ತಲ ಬಾಗಿಲಿಗೆ ಬಂದಿದ್ದ.

ಬೀಗದಕ್ಕ ಎದ್ದು ಗಂಟು ಬಿಚ್ಚಿ ತೋರಿಸಿದಳು. "ಸಾರ್, ಇವರು ಎರಡು ತೋಟಾ ತಂದು ಒಪ್ಪಿಸಿದಾರೆ. ಮನೇಲಿ ಉಳಿದುಬಿಟ್ಟಿದ್ದವು. ಬಂದೂಕೂ ಬೇಡವಂತೆ, ಇಲ್ಲೇ ಇಟ್ಕೊಳ್ಳಿ ಅಂತಾರೆ. ಹೌದಲ್ವಾ?"

ಕಾವಲುಗಾರ ತಲೆಯಾಡಿಸಿದ.

ಇನ್‌ಸ್ಪೆಕ್ಟರ್ ಗುಳಿ ಬಿದ್ದ ತೋಟಾವನ್ನು ಬೆಳಕಿಗೆ ಹಿಡಿದು ನೋಡಿದ. ಕಾವಲುಗಾರನ ಮುಖ ನೋಡಿದ. ಅಂಗೈಯಲ್ಲಿ ಎರಡು ಕೆಂಪು ಉಂಗುರ ಮೂಡಿದ್ದ ಬೀಗದಕ್ಕನ ಕೈಯನ್ನೂ ನೋಡಿದ. ಅವಸರದವನಾದರೂ ಅವನು ದಡ್ಡನಲ್ಲ. "ತಾವಾಗೇ ತಂದುಕೊಟ್ರೆ ನಾನು ಕೇಸು ಹಾಕಲ್ಲ" ಎಂದ, ಸ್ವಲ್ಪ ತಡೆದು. "ಬರ್ಕೊಳ್ಳಿ. ಇವರನ್ನ ಒಬ್ಬರನ್ನೇ ಕಳಿಸಬೇಡಿ."

"ಕಳಿಸಲ್ಲ ಸಾರ್. ಬ್ಯಾಂಕಿಗೆ ನೀವೇ ಒಂದು ಮಾತು ಹೇಳಿಬಿಡಿ, ಇವತ್ತು ಬರಲ್ಲ ಅಂತ."

ಕಿಂಡಿಯ ಹೊರಗೆ, ತನ್ನ ಕಣ್ಣಿಗೆ ಬೀಳುವ ಹಾಗೆ, ಅವಳು ಒಂದು ಸ್ಟೂಲು ಹಾಕಿಸಿ ಅವನನ್ನು ಕೂರಿಸಿದಳು. ಯಾರಿಗೆ ಫೋನ್ ಮಾಡಲಿ ಎಂದು ಕೇಳಿದಳು. ಅಮ್ಮನಿಗೆ ಎನ್ನುತ್ತಾನೆಂದು ಎಣಿಸಿದ್ದಳು.

"ನಮ್ಮನೆಯವಳಿಗೆ" ಎಂದ.

ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕ ಫೋನಿನಲ್ಲಿ ಗೊಣಗಿ, ಕೊನೆಗೆ ಅವಳನ್ನು ಬಿಟ್ಟ. ಮುಕ್ಕಾಲು ಗಂಟೆಯಾದ ಮೇಲೆ ಅವಳು ಬಂದಳು. ಸೀರೆಯ ಮೇಲೆಲ್ಲ ದಾರದ ಎಳೆಗಳು. ಅಷ್ಟರಲ್ಲಿ ಬೀಗದಕ್ಕ ಹತ್ತೊಂಬತ್ತನೆಯ ಬಂದೂಕಿಗೆ ಸಹಿ ಮಾಡಿಸುತ್ತಿದ್ದಳು. ಏನಾಯಿತೆಂದು ಹೆಂಡತಿ ಬೀಗದಕ್ಕನನ್ನು ಕೇಳಿದಳು. "ಅವರೇ ಹೇಳ್ತಾರೆ" ಎಂದು ಬೀಗದಕ್ಕ ಕಿಂಡಿಯ ಕದವನ್ನು ಅರ್ಧ ಮುಚ್ಚಿದಳು. ಕಣ್ಣು ಅವರ ಮೇಲೇ ಇತ್ತು.

ಕಾವಲುಗಾರ ಸ್ಟೂಲಿನಿಂದ ಎದ್ದು ನಿಂತು ಹೇಳಿದ. ಕುಳಿತು ಹೇಳಲು ಅವನಿಗೆ ಆಗಲಿಲ್ಲ. ಹೆಲ್ಮೆಟ್ಟು, ಪಾಸ್‌ಬುಕ್ಕು, ಟಕ್ ಎಂದ ಸದ್ದು, ನಮಸ್ಕಾರ ಮಾಡಿದ ಮಗು, ಇಂದು ಬೆಳಿಗ್ಗೆ ಜೇಬಿಗೆ ಹಾಕಿಕೊಂಡದ್ದು. ಹೆಂಡತಿ ಅಳುತ್ತಾಳೆಂದು ಬೀಗದಕ್ಕ ನೀರಿನ ಲೋಟ ಹಿಡಿದಿದ್ದಳು. ಅವಳು ಅಳಲಿಲ್ಲ. ಅವಳ ಮುಖ ಕೆಂಪಾಯಿತು.

"ಮೂರು ತಿಂಗಳಿಂದ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ ನೀವು" ಎಂದಳು. "ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ರಿ. ನನ್ನಿಂದ ಏನು ತಪ್ಪಾಯ್ತೋ, ಯಾರು ಏನು ಚಾಡಿ ಹೇಳಿದ್ರೋ ಅಂತ ಮಿಷನ್ ಮುಂದೆ ಕೂತು ದಿನಾ ಅದೇ ಯೋಚ್ನೆ. ಸೂಜಿ ಬೆರಳಿಗೆ ಹೊಕ್ಕಿದೆ, ನೋಡ್ರಿ ಇಲ್ಲಿ. ಇಷ್ಟು ಹೇಳೋಕೆ ನಿಮಗೆ ಪೊಲೀಸ್ ಠಾಣೆ ಬೇಕಾಯ್ತಾ?"

ಅವನು ಅವಳ ಬೆರಳು ನೋಡಿದ. ಉಗುರಿನ ಪಕ್ಕ ಕಪ್ಪಗೆ ಹೆಪ್ಪುಗಟ್ಟಿದ ಚುಕ್ಕೆ. ಯಾವಾಗ ಆದದ್ದೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದು ಕುಳಿತ. ಸಾಲಿನವರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ, ಬಾಯಿ ತೆರೆದು ಅಳಲಾರಂಭಿಸಿದ.

"ಅತ್ತೆಗೆ ಗೊತ್ತಾ?" ಎಂದಳು ಹೆಂಡತಿ. ಅವಳ ಕೈ ಆಗಲೇ ಅವನ ತಲೆಯ ಮೇಲಿತ್ತು.

"ಅಮ್ಮಂಗೆ ಏನೂ ಗೊತ್ತಿಲ್ಲ" ಎಂದ.

ಅದು ಬೀಗದಕ್ಕನಿಗೂ ಕೇಳಿಸಿತು. ಅವಳು ಕದ ಪೂರ್ತಿ ತೆರೆದು, ಸಾಲಿನ ಕಡೆ ನೋಡಿ, ಇಪ್ಪತ್ತು ಎಂದು ಕೂಗಿದಳು.